ಸಂಡಿಗೆಯ ಮೇಲೊಂದು ಹನಿ

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿಕೊಂಡು ಹೋಗಿ. ನಗು ಬಂದರೆ ನಗಿ, ಆದರೆ ನಡುವೆ ಎದ್ದು ಹೋಗಬೇಡಿ.

ಸೊಲ್ಲಾಪುರದ ಮೇ ತಿಂಗಳು. ಮೆಕ್ಯಾನಿಕ್ ಅಮೋಲ್ ವಿಶ್ವನಾಥನ ಕಿಟಕಿ ಏಸಿಯ ಮುಂದಿನ ಮುಚ್ಚಳ ತೆಗೆದು, ಒಳಗಿನ ಜಾಳಿಗೆಯನ್ನು ಎತ್ತಿ ತೋರಿಸಿದ. ಧೂಳು ಕಂಬಳಿಯ ಹಾಗೆ ದಪ್ಪಗೆ ಕೂತಿತ್ತು. "ದಾದಾ, ಇದರಾಗ ಒಂದು ಸೊಲ್ಲಾಪುರಿ ಚಾದರ ನೇಯಬಹುದು ನೋಡ್ರಿ," ಅಂದ. ವಿಶ್ವನಾಥ ನಕ್ಕ. ಅವನಿಗೆ ಊರ ಹೊರಗಿನ ಕಾರ್ಖಾನೆಗಳ ಪ್ರದೇಶ ಚಿಂಚೋಳಿ ಎಂಐಡಿಸಿಯ ಗೋದಾಮಿನಲ್ಲಿ ರಾತ್ರಿಪಾಳಿ. ಅಲ್ಲಿ ಅವನು, ಮಾಳಿಗೆ ಮುಟ್ಟುವಷ್ಟು ಪೆಟ್ಟಿಗೆಗಳು, ಪೆಟ್ಟಿಗೆ ತೋರಿಸಿದರೆ ಕುಂಯ್ ಅನ್ನುವ ಒಂದು ಮಷಿನ್ ಅಷ್ಟೇ. ಹಗಲು ಮಲಗಬೇಕು, ಈ ಬಿಸಿಲಿಗೆ ಏಸಿ ಇಲ್ಲದೆ ಕಣ್ಣು ಮುಚ್ಚುವುದಿಲ್ಲ.

ಅಮೋಲ್ ಜಾಳಿಗೆ ತೊಳೆದು, ಒಣಗಿಸಿ, ಹಾಕಿದ. ಆಮೇಲೆ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿ, "ನೀರು ನೆಟ್ಟಗ ಕೆಳಗ ಬೀಳಾಕತ್ತದಲ್ಲ ದಾದಾ. ಕೆಳಗಿನವ್ರು ಬೈಯೂದಿಲ್ಲೇನು?" ಅಂತ ಕೇಳಿದ.

"ಬೈತಾರ. ದಿನಾ ಬೈತಾರ."

ಹಾಗಾದರೆ ಪೈಪ್ ಹಾಕಿಬಿಡ್ತೀನಿ ಅಂದ ಅಮೋಲ್. ವಿಶ್ವನಾಥ ಯೋಚನೆಯನ್ನೇ ಮಾಡದೆ ಹೂಂ ಅಂದ.

ಬೈಯುವವಳು ಕೆಳಮನೆಯ ಲೀಲಾಬಾಯಿ. ಅಕ್ಕಲಕೋಟೆಯಿಂದ ಬಂದು ಒಬ್ಬಳೇ ಇದ್ದು, ಸಂಡಿಗೆ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುವವಳು. ಸರಿಯಾಗಿ ಏಸಿಯ ಕೆಳಗೇ ಮೊರ ಇಟ್ಟು ಸಂಡಿಗೆ ಒಣಗಿಸುತ್ತಿದ್ದಳು. ಹೊತ್ತು ಇಳಿಯುತ್ತಿದ್ದಂತೆ ಅವಳ ಕೂಗು ಮೇಲೆ ಬರುತ್ತಿತ್ತು. ವಿಶ್ವನಾಥ ಅರೆನಿದ್ದೆಯಲ್ಲಿ ಗ್ಯಾಲರಿಗೆ ಬಂದು, ಮಾಫ್ ಮಾಡ್ರಿ ಕಾಕು ಅನ್ನುತ್ತಿದ್ದ. ಅವಳು ಮನಸೋ ಇಚ್ಛೆ ಬೈದು, ಕೊನೆಗೆ ಉಂಡಿಯೋ ಇಲ್ಲೋ ಅಂತ ಕೇಳುತ್ತಿದ್ದಳು. ಏನು ಉಂಡೆ ಅಂತ ಹೇಳಿದರೆ ಅದಕ್ಕೂ ಬೈಗಳು. ಅಷ್ಟರಲ್ಲಿ ಇವನ ನಿದ್ದೆ ಪೂರಾ ಹಾರಿ, ಜಳಕ ಮಾಡಿ ಕಂಪನಿ ಬಸ್ಸಿಗೆ ಓಡುತ್ತಿದ್ದ. ಇನ್ನು ಬೈಗಳು ತಪ್ಪಿತು, ಕಾಕು ಖುಷಿಯಾಗಿ ಒಂದು ಕಪ್ ಚಹಾಕ್ಕೂ ಕರೆದಾಳು ಅಂತ ಅವನ ಲೆಕ್ಕ.

ಮರುದಿನ ಕೂಗು ಬರಲಿಲ್ಲ. ಅವನಿಗೆ ಎಚ್ಚರವಾದಾಗ ಕತ್ತಲಾಗಿತ್ತು, ಬಸ್ಸು ಹೋಗಿಯಾಗಿತ್ತು. ಅದರ ಮರುದಿನ ಬೇಕೆಂದೇ ಗಡಿಯಾರಕ್ಕೆ ಅಲಾರಾಂ ಇಟ್ಟು ಎದ್ದು ಗ್ಯಾಲರಿಯಲ್ಲಿ ನಿಂತ. ಲೀಲಾಬಾಯಿ ಸಂಡಿಗೆ ಮಗುಚುತ್ತಿದ್ದಳು. ಹೊಸ ಪೈಪನ್ನು ಮೇಲಿನಿಂದ ಕೆಳಗಿನವರೆಗೂ ಒಮ್ಮೆ ನೋಡಿದಳು.

"ಕಾಕು, ಈಗ ತ್ರಾಸ್ ಇಲ್ಲಲ್ರಿ?"

"ಇಲ್ಲಪ್ಪ. ಬರೋಬರ್ ಆತು."

ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು. ಚಹಾಕ್ಕೇನೂ ಕರೆಯಲಿಲ್ಲ.

ಹಾಗೇ ದಿನಗಳು ಹೋದವು. ಏಸಿ ತಣ್ಣಗೆ, ಒಂದು ಹನಿಯ ಸದ್ದೂ ಇಲ್ಲದೆ ಓಡುತ್ತಿತ್ತು. ಉಂಡಿಯೋ ಅಂತ ಕೇಳುವವರಿಲ್ಲ ಅಂದಮೇಲೆ ಒಲೆ ಹಚ್ಚುವುದು ಯಾಕೆ ಅಂತ ವಿಶ್ವನಾಥ ಚಹಾದಲ್ಲಿ ಬ್ರೆಡ್ ಅದ್ದಿ ತಿಂದು ಮಲಗತೊಡಗಿದ. ಪೆಟ್ಟಿಗೆಗಳ ವಿಷಯ ಬಿಟ್ಟು ಇನ್ನೊಂದು ಮಾತನ್ನು ಯಾರ ಹತ್ತಿರವಾದರೂ ಆಡಿ ಎಷ್ಟು ದಿನವಾಯಿತೋ ಅವನಿಗೇ ನೆನಪಿರಲಿಲ್ಲ.

ಒಂದು ಸಂಜೆ ಕಿಟಕಿಯಿಂದ ಕೈ ಚಾಚಿ ಪೈಪನ್ನು ಕಿತ್ತುಬಿಟ್ಟ. ಕಿತ್ತವನೇ ಕಳ್ಳನ ಹಾಗೆ ಪರದೆಯ ಹಿಂದೆ ನಿಂತ. ಹನಿ ಮೊರದ ಪಕ್ಕ, ಕಲ್ಲಿನ ಮೇಲೆ ಟಪ್ ಅಂತ ಬಿತ್ತು. ಲೀಲಾಬಾಯಿ ಒದ್ದೆಯಾದ ಕಲ್ಲನ್ನು ನೋಡಿದಳು, ತಲೆ ಎತ್ತಿ ಕಿಟಕಿಯನ್ನು ನೋಡಿದಳು. ಆಗ ವಿಶ್ವನಾಥನ ಕಣ್ಣು ಅಂಗಳದ ಮೇಲೆ ಹೋಯಿತು. ಗೇಟಿನ ಹತ್ತಿರ ಇನ್ನೂ ಒಳ್ಳೇ ಬಿಸಿಲು, ಜಾಗ ಪೂರಾ ಖಾಲಿ. ಬಿಸಿಲು ಬೇಗ ಸರಿಯುವ ಈ ಗೋಡೆಯ ಬುಡವನ್ನೇ ಕಾಕು ಯಾಕೆ ಹಿಡಿದು ಕೂತಿದ್ದಾಳೆ?

ಅವಳು ಬಗ್ಗಿ, ಮೊರವನ್ನು ಒಂದು ಗೇಣು ಈಚೆಗೆ ಎಳೆದಳು. ಸೊಂಟದ ಮೇಲೆ ಕೈ ಇಟ್ಟು ಕಾದಳು. ಎರಡನೆಯ ಹನಿ ಸಂಡಿಗೆಯ ನಟ್ಟನಡುವೆ ಬಿತ್ತು.

"ವಿಶ್ವನಾಥಾ! ಮತ್ತ ಸುರು ಆತು ನೋಡು ನಿನ್ನ ಮಷಿನ್. ನನ್ನ ಸಂಡಗಿಗಿ ದಿನಾ ಜಳಕ ಮಾಡಸ್ತಿಯೇನು?" ವಿಶ್ವನಾಥ ಪರದೆ ಸರಿಸಿ ಗ್ಯಾಲರಿಗೆ ಓಡಿ ಬಂದ. "ಮಾರಿ ನೋಡು, ಎಷ್ಟ ಇಳದದ. ಉಂಡಿಯೋ ಇಲ್ಲೋ?"

ವಿಶ್ವನಾಥ ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಅಮೋಲ್. "ದಾದಾ, ಪೈಪ್ ಬರೋಬರ್ ನಿಂತದಲ್ರಿ? ಸೋರಿದ್ರ ಹೇಳ್ರಿ, ಇಲ್ಲೇ ಬಾಜೂಕ ಅದೀನಿ, ಈಗ ಬಂದು ಹಾಕಿಕೊಡ್ತೀನಿ."

ಕೆಳಗೆ ಕಾಕು ಕತ್ತೆತ್ತಿ ನಿಂತಿದ್ದಾಳೆ. ಮೂರನೆಯ ಹನಿ ಏಸಿಯ ತುದಿಯಲ್ಲಿ ಜೋತಾಡುತ್ತಿದೆ. ನೀವಾಗಿದ್ದರೆ ಅಮೋಲ್‌ಗೆ ಏನು ಹೇಳುತ್ತಿದ್ದಿರಿ?