ಎಡಗೆನ್ನೆಯ ಕುಳಿ

ಡೆಂಗೀ ಜ್ವರದಲ್ಲಿ ತೀರಿಹೋದ ಮಗಳ ಫೋಟೊ ದೊಡ್ಡದು ಮಾಡಿಸಲು ನೀಲವ್ವ ಸ್ಟುಡಿಯೊಗೆ ಬಂದಿದ್ದಳು. ಹುಡುಗಿ ಫೋಟೊ ತೆಗೆಸಿಕೊಳ್ಳಲು ಒಪ್ಪುತ್ತಲೇ ಇರಲಿಲ್ಲ. ಕಾಲೇಜಿನ ಗುರುತಿನ ಚೀಟಿಯಲ್ಲಿದ್ದದ್ದೊಂದೇ ಸಿಕ್ಕಿತ್ತು. ಮುಖದ ತುಂಬ ಮೊಡವೆಯ ಕಲೆಗಳು. ಸ್ಟುಡಿಯೊದ ರಾಚಪ್ಪ ಕಂಪ್ಯೂಟರಿನಲ್ಲಿ ಒಂದೊಂದನ್ನೇ ಅಳಿಸಿ, ಕೆನ್ನೆ ನುಣುಪು ಮಾಡಿ ತೋರಿಸಿದ.

"ನೋಡ್ರಿ ಯವ್ವಾ, ಒಂದೂ ಕಲಿ ಉಳಿದಿಲ್ಲ."

ನೀಲವ್ವ ಬಹಳ ಹೊತ್ತು ನೋಡಿದಳು.

"ಈಕಿ ಯಾರಪ್ಪ? ನನ್ನ ಮಗಳ ಮುಖ ಇದಲ್ಲ. ಎಲ್ಲಾ ಮೊದಲಿನಂಗ ಮಾಡು."

"ಗ್ವಾಡಿಗೆ ಹಾಕೂ ಫೋಟೊರಿ, ಚಂದ ಕಾಣಬೇಕಲ್ಲ?"

"ಚಂದ ಕಾಣಬೇಕಂತ ಆಕಿ ಮೂರು ವರ್ಷ ಡಾಕ್ಟರ್ ಕಡೆ ಅಡ್ಡಾಡಿದ್ಲು. ಈಗ ಯಾಕ ಬೇಕಪ್ಪ?"

ರಾಚಪ್ಪ ಕಲೆಗಳನ್ನೆಲ್ಲ ವಾಪಸ್ಸು ತಂದ. ಎಡಗೆನ್ನೆಯ ಮೇಲೆ ಆಳವಾದ ಕುಳಿಯೊಂದಿತ್ತು.

"ಇದೊಂದನ್ನಾದ್ರೂ ತಗೀತೀನ್ರಿ. ಭಾಳ ಎದ್ದು ಕಾಣತೈತಿ."

"ಬ್ಯಾಡ. ಅದು ಇರಬೇಕು. ದಿನಾ ನಾ ಅದನ್ನ ನೋಡಬೇಕು." ನೀಲವ್ವ ಪರದೆಯತ್ತ ಚಾಚಿದ ಬೆರಳನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. "ಮೊಡವಿ ಹಿಚುಕಬ್ಯಾಡ್ರಿ, ತಗ್ಗು ಬಿದ್ದರ ಹೋಗೂದಿಲ್ಲ ಅಂತ ಡಾಕ್ಟರ್ ಎಷ್ಟು ಸಲ ಹೇಳಿದ್ರು."

"ಹುಡುಗಿ ಕೇಳಲಿಲ್ಲೇನ್ರಿ?"

"ಆಕಿ ಕೇಳಿದ್ಲಪ್ಪ. ಗಂಡಿನವರು ನೋಡಾಕ ಬರೂ ದಿನ, ಒಲ್ಲೆ ಬೇ ಅಂತ ಚೀರಿದರೂ ಬಿಡದ, ತಲಿ ಅದುಮಿ ಹಿಡಿದು ಹಿಚುಕಿದಾಕಿ ನಾನು."