ಹರಿಯದಂತೆ ಸುತ್ತಿದ ಹುಳು

ಇದನ್ನು ನಾನು ಕಂಡೆನೋ, ಮನೆಯವರು ಹೇಳಿದ್ದನ್ನೇ ಕಂಡೆನೆಂದುಕೊಂಡೆನೋ, ಖಚಿತವಿಲ್ಲ. ಆದರೆ ಕಾದ ಹರಳೆಣ್ಣೆಯ ವಾಸನೆ ಬಂದರೆ ಈಗಲೂ ಮಸ್ಕಿಯ ನಮ್ಮ ಪಡಸಾಲೆಯ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ಅಜ್ಜಿಯ ಪಾದದಲ್ಲಿ ನಾರುಹುಣ್ಣಾಗಿತ್ತು. ಹುಣ್ಣಿನಿಂದ ದಾರದಂಥ ಹುಳು ಹೊರಗೆ ಇಣುಕಿತ್ತು. ಅದು ನಡುವೆ ಹರಿದರೆ ಕಾಲೇ ಹೋಗುತ್ತದೆಂದು ಎಲ್ಲರಿಗೂ ಭಯ. ಯೇಸುವಿನ ಮಾತು ಹೇಳಲು ಮುದಗಲ್ಲಿನಿಂದ ಬಂದು ಊರಲ್ಲಿ ತಂಗಿದ್ದ ಉಪದೇಶಿ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆಚ್ಚನೆಯ ಎಣ್ಣೆ ಸವರಿ, ಹುಳುವನ್ನು ಕಡ್ಡಿಗೆ ತುಸುತುಸುವೇ ಸುತ್ತುತ್ತಿದ್ದರು.

"ಕುಲಾ ಕೆಡಸಾಕ ಬಂದಾನ," ಎಂದು ಕಾಕಾ ಬಾಗಿಲಲ್ಲಿ ಗೊಣಗಿದ.

"ಸುಮ್ನಿರಲೇ! ನೀ ಮುಟ್ಟೀಯೇನು ಈ ಕಾಲು?" ಎಂದ ಅಜ್ಜಿ, ಉಪದೇಶಿಯನ್ನೂ ಕೆಣಕಿದಳು: "ನಿಮ್ಮ ದೇವರ ಸುದ್ದಿ ಯಾವಾಗ ಹೇಳ್ತೀರಿ?"

"ಇಷ್ಟು ನೋವಿನಾಗ ಏನು ಕೇಳಿಸ್ತದ, ಯವ್ವಾ? ಇವತ್ತಿಗೆ ಇಷ್ಟ ಸಾಕು. ಅವಸರ ಮಾಡಿ ಎಳದ್ರ ಹರೀತದ. ನಾಳೆ ಬರ್ತೀನ್ರಿ."

ಅವರ ಚೀಲದಲ್ಲಿದ್ದ ಪುಸ್ತಕ ಅಂದು ಹೊರಗೆ ಬರಲಿಲ್ಲ.

ಇದರಲ್ಲಿ ಎಷ್ಟೋ ನನ್ನ ಕಲ್ಪನೆಯಿರಬಹುದು. ಒಂದನ್ನು ಮಾತ್ರ ಮುಂದೆ ಕಾಕಾನನ್ನೇ ಕೇಳಿ ಖಚಿತಪಡಿಸಿಕೊಂಡೆ. ಹುಣ್ಣು ಮಾದ ಮೇಲೆ ಅಜ್ಜಿ ತಾನೇ ಉಪದೇಶಿಯ ಬಿಡಾರಕ್ಕೆ ನಡೆದುಹೋಗಿ, ಹಣೆಯ ತುಂಬ ವಿಭೂತಿ ಧರಿಸಿಯೇ ಕುಳಿತು, ಅವರು ಹೇಳಿದ್ದನ್ನೆಲ್ಲ ಕೇಳಿ ಬಂದಿದ್ದಳು.