ಮೇಷ್ಟ್ರ ಗೆರೆ

ಹೊರಗಿನಿಂದ ಬಂದಿದ್ದ ಪರೀಕ್ಷಕರು ವಿದ್ಯಾರ್ಥಿಗಳ ಚಿತ್ರಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎತ್ತು, ಬಸ್‌ಸ್ಟ್ಯಾಂಡು, ಮುದುಕಿಯ ಮುಖ, ಎಲ್ಲದರಲ್ಲೂ ಗೆರೆ ಸಣ್ಣಗೆ ಅಲೆಅಲೆಯಾಗಿ ಹರಿದಿತ್ತು.

“ಯಾರ ಪ್ರಭಾವವಯ್ಯಾ ಇದು? ಯುರೋಪಿನವರದಾ?”

“ನಮ್ ಮೇಷ್ಟ್ರದೇ ಸರ್,” ಎಂದ ಮುಂದೆ ನಿಂತಿದ್ದ ವಿದ್ಯಾರ್ಥಿ. “ನಮ್ಮ ಚಿತ್ರ ತಿದ್ದೋವಾಗ ಅವರ ಗೆರೆ ಹೀಗೇ ಬರುತ್ತೆ. ವರ್ಷವೆಲ್ಲ ಪ್ರಾಕ್ಟೀಸ್ ಮಾಡಿದ್ವಿ.”

ಪಕ್ಕದಲ್ಲಿದ್ದ ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಪರೀಕ್ಷಕರು ಕೊನೆಯ ಹಾಳೆ ಎತ್ತಿಕೊಂಡರು. ಅದರಲ್ಲಿ ಗೆರೆಗಳು ನೇರವಾಗಿ, ಒಂದೇ ಎಳೆತದಲ್ಲಿ ಬಂದಿದ್ದವು.

“ಇದು ನಿಮ್ಮ ಮಗಳದ್ದಲ್ವಾ ಮೇಷ್ಟ್ರೇ? ಕ್ಲಾಸಿಗೆಲ್ಲ ತಗುಲಿರೋ ನಿಮ್ಮ ಗಾಳಿ ಮನೇಲಿರೋಳಿಗೇ ತಗುಲಿಲ್ವಲ್ರೀ! ಇವಳನ್ನ ಹೇಗೆ ಪಾಸ್ ಮಾಡ್ಲಿ?”

ಮೇಷ್ಟ್ರು ಗೋಡೆ ನೋಡುತ್ತ ನಿಂತರು. ಪರೀಕ್ಷಕರಿಗೆ ಕನಿಕರ ಬಂತು. ಹುಡುಗಿಯತ್ತ ಪೆನ್ಸಿಲ್ ಚಾಚಿದರು.

“ಬಾಮ್ಮ, ನಿಮ್ಮಪ್ಪನ ಥರ ಒಂದೇ ಒಂದು ಗೆರೆ ಎಳೆದುಬಿಡು. ಪಾಸ್ ಮಾಡ್ತೀನಿ.”

“ಎಳೆಯಲ್ಲ ಸರ್,” ಎಂದಳು ಅವಳು. “ನಾನು ಕಲಿತಿದ್ದು ಅಪ್ಪನ ಕೈ ನಡುಗೋದಕ್ಕೆ ಶುರುವಾಗೋ ಮುಂಚೆ.”